ಟೈಪಿಸ್ಟ್ ಮುಟ್ಟಿದ ಡೀಮನ್ ಫೈಲ್

ಏಳು ವರ್ಷವಾದರೂ ಹಾಜರಿ ಪುಸ್ತಕದಲ್ಲಿ ಅಫ್ರೀನ ಟೈಪಿಸ್ಟೇ. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ನಿಜಾಮುದ್ದೀನನ ಮಗಳು, ಡಿಪ್ಲೊಮಾ ಮುಗಿಸಿ ಬೆಟಗೇರಿಯ ರಕ್ತಪರೀಕ್ಷೆ ಲ್ಯಾಬಿಗೆ ವರದಿ ಟೈಪ್ ಮಾಡಲು ಬಂದವಳು. ಅಲ್ಲಿನ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ. ಕೈಪಿಡಿ ಓದಿ ಓದಿ ತಾನೇ ಕಲಿತಳು.

ಕಳೆದ ಜೂನ್‌ನಲ್ಲಿ ಗುತ್ತಿಗೆ ಕಂಪನಿಯವರು ವರದಿಯ ಸಾಫ್ಟ್‌ವೇರನ್ನು ಸರ್ವರಿನೊಳಗೇ ಬೇರೆಬೇರೆ ಡಬ್ಬಿಗಳಂತೆ ನಡೆಯುವ ಕಂಟೇನರುಗಳಿಗೆ ಹಾಕಿಹೋದರು. ಮರುದಿನದಿಂದ ಲಕ್ಷ್ಮೇಶ್ವರ, ಶಿರಹಟ್ಟಿ ಶಾಖೆಗಳಲ್ಲಿ ವರದಿ ತೆರೆಯುತ್ತಿತ್ತು. ಮುಂಡರಗಿಯಲ್ಲಿ ಮಾತ್ರ ಇಲ್ಲ.

"ಅಕ್ಕಾರ, ಮಂದಿ ಮುಂಜಾನಿಂದ ಕುಂತಾರ್ರಿ. ಎಲ್ಲಾರೂ ನನ್ನ ಬೈತಾರ," ಎಂದಳು ಆ ಶಾಖೆಯ ಕಾಂಚನಾ ಫೋನಿನಲ್ಲಿ. ಅಳುವುದೊಂದು ಬಾಕಿ.

"ಮುಂಡರಗಿ ಲೈನ್ ಸರಿ ಇಲ್ಲ. ಹೊಸಾ ರೌಟರ್ ತಗೋರಿ," ಎಂದ ಕಂಪನಿಯ ಎಂಜಿನಿಯರ್ ದುರ್ಗೇಶ.

ಅಫ್ರೀನ ನಂಬಲಿಲ್ಲ. ಎರಡು ದಿನ ಹುಡುಕಿ ಮೂಲ ಹಿಡಿದಳು. ಕಂಟೇನರುಗಳನ್ನು ನಡೆಸುವ ಡೀಮನ್ ಎಂಬ ಹಿನ್ನೆಲೆ ಸೇವೆ ತನ್ನ ಒಳಜಾಲಕ್ಕೆ ತಾನಾಗಿ ಆರಿಸಿಕೊಂಡ ಐಪಿ ವಿಳಾಸಗಳೂ ಮುಂಡರಗಿಯ ಕಂಪ್ಯೂಟರುಗಳ ವಿಳಾಸಗಳೂ ಒಂದೇ ಆಗಿದ್ದವು. ಅಲ್ಲಿಗೆ ಹೋಗಬೇಕಾದ ಉತ್ತರ ಸರ್ವರ್ ದಾಟಿ ಹೊರಗೇ ಬೀಳುತ್ತಿರಲಿಲ್ಲ.

"ಡೀಮನ್ ಫೈಲಿನ್ಯಾಗ ಬ್ಯಾರೆ ವಿಳಾಸ ಬರದರ ಆತ್ರಿ," ಎಂದು ದುರ್ಗೇಶನಿಗೆ ಹೇಳಿದಳು. ಆ ಸೇವೆ ಹೇಗೆ ನಡೆಯಬೇಕೆಂದು ತಿಳಿಸುವ ಫೈಲ್ ಅದು.

"ಅದನ್ನ ಮುಟ್ಟಬ್ಯಾಡ್ರಿ. ಟೈಪ್ ಮಾಡೋರು ಟೈಪ್ ಮಾಡ್ಕೊಂಡಿರ್ರಿ."

ಲ್ಯಾಬಿನ ಮ್ಯಾನೇಜರ್ ಸಿದ್ದಾರೂಢನೂ ಹಿಂಜರಿದ. "ಬ್ಯಾಡವಾ, ಎಲ್ಲಾ ಶಾಖಾ ಬಂದ್ ಆಗಿಬಿಟ್ಟರ?"

"ಮುಂಡರಗಿ ಬಂದ್ ಆಗಿ ಐದು ದಿನಾ ಆತ್ರಿ ಸರ್. ಅದು ನಮ್ಮ ಶಾಖಾ ಅಲ್ಲೇನು? ನಾ ಮುಟ್ಟಾಕಿನ. ಬೇಕಾದರ ಕೆಲಸದಿಂದ ತಗೀರಿ."

ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ವರದಿ ತೆರೆಯುವುದಿಲ್ಲವೆಂದು ಮೂರೂ ಶಾಖೆಗಳಿಗೆ ಖಬರು ಕೊಟ್ಟಳು. ಹಳೆಯ ಫೈಲಿನ ಪ್ರತಿ ತೆಗೆದಿಟ್ಟು, ಕಂಟೇನರುಗಳನ್ನು ನಿಲ್ಲಿಸಿ, ಹಳೆಯ ಒಳಜಾಲ ಅಳಿಸಿದಳು. ಯಾವ ಶಾಖೆಯೂ ಬಳಸದ ವಿಳಾಸಗಳನ್ನು ಡೀಮನ್ ಫೈಲಿನಲ್ಲಿ ಬರೆದು ಸೇವೆಯನ್ನು ಮತ್ತೆ ಶುರುಮಾಡಿದಳು.

ಸೇವೆ ಏಳಲಿಲ್ಲ.

"ಹಾಳ ಮಾಡಿದೆಲ್ಲಾ! ಹಳೇದು ಹಾಕು, ಜಲ್ದಿ!" ಸಿದ್ದಾರೂಢ ಅವಳ ಬೆನ್ನ ಹಿಂದೆಯೇ ನಿಂತು ಕೂಗಾಡಿದ.

ಅಫ್ರೀನ ಕುರ್ಚಿ ಬಿಡಲಿಲ್ಲ. "ಸುಮ್ಮ ಕುಂಡ್ರಿ ಸರ್," ಎಂದವಳೇ, ಆದ ತಪ್ಪುಗಳನ್ನು ಸರ್ವರ್ ಬರೆದಿಡುವ ಲಾಗ್ ತೆರೆದು ಸಾಲುಸಾಲು ಓದಿದಳು. ಫೈಲಿನಲ್ಲಿ ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿತ್ತು. ಹಾಕಿದಳು. ಸೇವೆ ಎದ್ದಿತು, ಹಿಂದೆಯೇ ಕಂಟೇನರುಗಳೂ ಎದ್ದವು.

ಎರಡು ನಿಮಿಷಕ್ಕೆ ಕಾಂಚನಾಳ ಫೋನ್ ಬಂತು. "ಅಕ್ಕಾರ, ಬಂತ್ರಿ! ಪ್ರಿಂಟ್ ಸೈತ ಬಂತು!"

ಮರುದಿನ, ಸುದ್ದಿ ತಿಳಿದ ಕಂಪನಿಯಿಂದ ಒಂದು ಕಾಗದ ಬಂತು: 'ನಮ್ಮ ಎಂಜಿನಿಯರರ ಮಾರ್ಗದರ್ಶನದಲ್ಲಿ ದೋಷ ಸರಿಪಡಿಸಲಾಗಿದೆ.' ಕೆಳಗೆ ಅಫ್ರೀನಳ ಸಹಿಗೆ ಜಾಗ.

"ಹಾಕಿಬಿಡವಾ, ಒಂದು ಸಹಿ ಅಷ್ಟ ಅಲ್ಲ?" ಎಂದ ಸಿದ್ದಾರೂಢ.

"ಸುಳ್ಳಿಗೆ ನನ್ನ ಸಹಿ ಇಲ್ರಿ."

ಆ ಸಾಲನ್ನು ಅಡ್ಡಗೀಟು ಎಳೆದು ಹೊಡೆದುಹಾಕಿದಳು. ಕೆಳಗೆ ತನ್ನ ಕೈಯಲ್ಲೇ ಬರೆದಳು: 'ಕಂಪನಿ ಬೇಡವೆಂದರೂ ಮಾಡಿದವಳು ನಾನು.' ಆಮೇಲೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಸಿದ್ದಾರೂಢ ಅದನ್ನು ಎರಡು ಸಲ ಓದಿದ. ಲಕೋಟೆಗೆ ಹಾಕಿ, ಕಂಪನಿಗೆ ಹಾಗೆಯೇ ಕಳಿಸಿಬಿಟ್ಟ.