ನಿನ್ನೆಯ ನೀರು

ಮೈಸೂರಿಗೆ ಬಂದ ಮರುದಿನ ಬೆಳಿಗ್ಗೆ ಮುಖ ತೊಳೆಯಲೆಂದು ನಳ ತಿರುಗಿಸಿದರೆ ನೀರು ಬಂದೇಬಿಟ್ಟಿತು. "ನಳ ಬಂದಾವ್ರೀ!" ಎಂದು ಕೂಗುತ್ತ ಕೊಡ ಹಿಡಿದು ಅಂಗಳಕ್ಕೆ ಓಡಿದೆ. ವಾರಕ್ಕೊಮ್ಮೆ ನೀರು ಕಾಣುವ ನಮ್ಮ ಹುಬ್ಬಳ್ಳಿಯಲ್ಲಾದರೆ ಆ ಕೂಗಿಗೆ ಓಣಿಯೇ ಎದ್ದು ಕೂರುತ್ತಿತ್ತು. ಇಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ ಹಲ್ಲುಜ್ಜುತ್ತ ಬಾಗಿಲಿಗೆ ಬಂದು, "ಏನಾಯ್ತ್ರೀ? ಹಾವು ಗೀವು ಬಂತಾ?" ಎಂದು ಕೇಳಿದರು.

ಇಲ್ಲಿ ನಳಕ್ಕೆ ನಲ್ಲಿ ಎನ್ನುತ್ತಾರೆ, ಕೊಡಕ್ಕೆ ಬಿಂದಿಗೆ. ನಾನು ರೊಟ್ಟಿ ಬಡಿಯುವ ಸದ್ದಿಗೆ ಜನ ಇಣುಕಿ ನೋಡುತ್ತಿದ್ದರು. ಯಜಮಾನರು ಬೆಳಿಗ್ಗೆ ಸಗಟು ಅಂಗಡಿಯ ಕೆಲಸಕ್ಕೆ ಹೋದರೆ ಬರುವುದು ಇರುಳಿಗೇ. ಮಾತಿಗೆ ಪುಟ್ಟತಾಯಮ್ಮನೇ ಗತಿ. ಮಂಡಿ ಮೊಹಲ್ಲಾದ ನಮ್ಮ ವಠಾರದಲ್ಲಿ ನಾಲ್ಕು ಮನೆ, ಒಂದೇ ನೀರಿನ ಮೀಟರ್. ಬಿಲ್ಲು ಬಂದಾಗ ಮನೆಯೊಡತಿ ನಂಜಮ್ಮನವರು ತಲೆ ಲೆಕ್ಕದಲ್ಲಿ ಹಂಚುತ್ತಿದ್ದರು.

ನಾವು ಬಂದ ಮೇಲೆ ಬಿಲ್ಲು ಏರಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಕಾರಣ ಪಕ್ಕದ ಮನೆಯಲ್ಲೇ ಇದೆ ಎಂದುಕೊಂಡೆ. ಪುಟ್ಟತಾಯಮ್ಮನ ತಾಯಿ ಹಾಸಿಗೆ ಹಿಡಿದವರು. ದಿನವೂ ದುಪ್ಪಟಿ ಒಗೆಯಬೇಕು. ಅವರ ಮನೆಯಲ್ಲೂ ಎರಡು ತಲೆ, ನಮ್ಮಲ್ಲೂ ಎರಡು. ನಂಜಮ್ಮನವರು ಎಲ್ಲರನ್ನೂ ಅಂಗಳಕ್ಕೆ ಕರೆದಾಗ ಹೊಸಬಳಾದ ನಾನೇ ಮೊದಲು ಬಾಯಿ ತೆರೆದೆ.

"ಯಾರು ಹೆಚ್ಚು ಒಗೀತಾರ, ಅವ್ರು ಹೆಚ್ಚು ಕೊಡ್ಲಿ. ಮನಿಗೊಂದು ಮೀಟರ್ ಹಾಕಸ್ರಿ. ನ್ಯಾಯ ಅಂದ್ರ ನ್ಯಾಯ."

ಪುಟ್ಟತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಆಗ್ಲಿ ಬುಡಿ," ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಬೀಗಿದೆ. ಹೊಸ ಊರಿನಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು.

ಮೀಟರುಗಳು ಕೂತವು. ತಿಂಗಳು ಕಳೆದು ನಂಜಮ್ಮನವರು ನೋಡಿದರೆ ಎಲ್ಲಕ್ಕಿಂತ ಜೋರಾಗಿ ಓಡಿದ್ದು ನಮ್ಮದು! "ನಮ್ಮ ಮೀಟರ್ ಕೆಟ್ಟೈತಿ," ಎಂದು ಜಗಳಕ್ಕೇ ನಿಂತೆ.

"ಮೀಟರ್ ಸರಿಯಾಗೇ ಇದೆ ಕಣಮ್ಮ," ಎಂದರು ನಂಜಮ್ಮನವರು. "ದಿನಾ ಬೆಳಿಗ್ಗೆ ಹಂಡೆ, ಡ್ರಮ್ಮು ಎಲ್ಲಾ ಚರಂಡಿಗೆ ಸುರೀತೀಯಲ್ಲ, ಅದ್ಯಾಕೆ?"

"ಅದು ನಿನ್ನಿ ನೀರ್ರೀ! ಹಳೇದು!"

ಹಾಗೆಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಮ್ಮೂರಲ್ಲಿ ನಳ ಬಂದ ದಿನ ಉಳಿದ ನೀರು ಚೆಲ್ಲಿ, ಇದ್ದಬದ್ದ ಪಾತ್ರೆಗೆಲ್ಲ ಹೊಸದು ತುಂಬುತ್ತೇವೆ. ಅಲ್ಲಿ ವಾರಕ್ಕೊಮ್ಮೆ ಮಾಡುವುದನ್ನು ನಾನಿಲ್ಲಿ ದಿನವೂ ಮಾಡಿದ್ದೆ. ನಿನ್ನೆಯ ನೀರು ನನಗೆ ಹಳಸಿದ ಅನ್ನದಂತೆ ಕಂಡಿತ್ತು.

ಕ್ಷಮೆ ಕೇಳಲು ಪುಟ್ಟತಾಯಮ್ಮನ ಮನೆಗೆ ಹೋದೆ. ಅವರು ತಾಯಿಯನ್ನು ಮಗ್ಗುಲಾಗಿಸಿ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದರು. ಸೊಂಟದ ಮೇಲೆ ಕೆಂಪು ಹುಣ್ಣು.

"ಮೀಟರ್ ಬಂದ್ಮೇಲೆ ದುಪ್ಪಟಿ ದಿನ ಬಿಟ್ಟು ದಿನ ಒಗೆಯಂಗೆ ಮಾಡ್ಬುಟ್ಟೆ ಕಣ್ರೀ," ಎಂದರು. "ನೀವು ಚೆಲ್ಲೋ ನೀರಾದ್ರೂ ಕೇಳೋಣ ಅಂತ ಬಿಂದಿಗೆ ಹಿಡ್ಕೊಂಡು ನಿಮ್ಮ ಬಾಗಿಲ್ತನಕ ಬಂದಿದ್ದೆ. ನಾಚ್ಕೆ ಆಗಿ ವಾಪಸ್ ಬಂದ್ಬುಟ್ಟೆ."

ನಾಚಬೇಕಾದವಳು ನಾನು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಲೆ ಲೆಕ್ಕದಲ್ಲಿ ನಾನು ಪೋಲು ಮಾಡಿದ್ದು ಮುಚ್ಚಿಹೋಗಿತ್ತು; ಮೀಟರಿನ ಲೆಕ್ಕಕ್ಕೆ ಆ ಹಿರಿಯ ಜೀವದ ಬೆನ್ನು ಬರಲೇ ಇಲ್ಲ. ಈಗ ಆ ಒಗೆತದ ನೀರಿನ ಬಿಲ್ಲನ್ನು ನಾಲ್ಕು ಮನೆಯವರೂ ಹಂಚಿಕೊಳ್ಳುತ್ತೇವೆ, ಉಳಿದದ್ದು ಮೀಟರಿನಂತೆ. ಹುಣ್ಣು ಮಾತ್ರ ಇನ್ನೂ ಮಾಯ್ದಿಲ್ಲ.

ಹುಬ್ಬಳ್ಳಿಗೆ ಹೋದಾಗ ತಂಗಿ ಹಳೆಯ ನೀರು ಚೆಲ್ಲುವುದನ್ನು ಕಂಡು ಅವಳ ಕೈ ಹಿಡಿದು ತಡೆದೆ. "ಮೈಸೂರಾಕಿ ಆದಿ ಬಿಡು," ಎಂದು ನಕ್ಕಳು. ಇಲ್ಲಿಗೆ ಮರಳಿದರೆ, ಡ್ರಮ್ಮು ತುಂಬದೆ ನನಗೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ.

ಮೊನ್ನೆ ಪುಟ್ಟತಾಯಮ್ಮನ ಜೊತೆ ದುಪ್ಪಟಿ ಬದಲಿಸಲು ಕೈಜೋಡಿಸಿದಾಗ ಅವರ ತಾಯಿ ಕಣ್ಣು ಕಿರಿದು ಮಾಡಿ, "ಯಾರವ್ವಾ ಇವ್ಳು? ಯಾವೂರೋಳು?" ಎಂದರು. ನಾನು ಹುಬ್ಬಳ್ಳಿ ಎನ್ನುವಷ್ಟರಲ್ಲಿ ಪುಟ್ಟತಾಯಮ್ಮ, "ನಮ್ಮೋರೇ ಕಣವ್ವಾ, ನಮ್ಮ ವಠಾರದೋರೇ," ಎಂದರು.

ಬಂದಂದಿನಿಂದ ಆ ಮಾತಿಗಾಗಿ ಕಾದಿದ್ದೆ. ಕೇಳಿದಾಗ ತಲೆ ಎತ್ತಲಾಗಲಿಲ್ಲ. ನನ್ನ ಕೈಯಲ್ಲಿ ಆ ತಾಯಿಯ ಕಲೆಯಾದ ದುಪ್ಪಟಿ ಇತ್ತು.