ಗೌರವದನ

ಆಗೆಲ್ಲ ನಮ್ಮೂರಿನ ಮಕ್ಕಳು ಅ, ಆ, ಇ, ಈ ಕಲಿಯುತ್ತಿದ್ದದ್ದು ಹೊಗೆಸೊಪ್ಪಿನ ವಾಸನೆಯಲ್ಲಿ. ರಾಮನಾಥಪುರದಿಂದ ಮೂರು ಮೈಲಿ ಆಚೆಗಿರುವ ನಮ್ಮೂರಲ್ಲಿ ಅಂಗನವಾಡಿಗೆ ಸ್ವಂತ ಕಟ್ಟಡ ಇರಲಿಲ್ಲ. ಹೊಗೆಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ನಿನ ಗೋಡೆಗೆ ಒರಗಿಸಿ ಯಾರೋ ಕಟ್ಟಿದ್ದ ಶೀಟಿನ ಕೋಣೆಯೇ ಅಂಗನವಾಡಿ. ನಮ್ಮವ್ವ ಅಲ್ಲಿಯ ಟೀಚರು. ಬ್ಯಾರನ್ನಿಗೆ ಬೆಂಕಿ ಹಾಕಿದ ದಿನಗಳಲ್ಲಿ ಆ ಗೋಡೆ ಬೆಚ್ಚಗಿರುತ್ತಿತ್ತು. ಮಳೆಗಾಲದ ಚಳಿಗೆ ಮಕ್ಕಳೆಲ್ಲ ಅದಕ್ಕೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದವು. ವಾಸನೆ ಬೆಳಿಗ್ಗೆ ಬೆಲ್ಲದ ಪಾಕದ ಹಾಗೆ ಸಿಹಿಯಾಗಿರುತ್ತಿತ್ತು, ಮಧ್ಯಾಹ್ನಕ್ಕೆ ತಲೆ ಸುತ್ತುತ್ತಿತ್ತು. ಕೋಣೆಯ ಬಾಡಿಗೆ ಇಲಾಖೆಯಿಂದ ಬರುವುದು ತಡವಾದರೆ ಅವ್ವನೇ ಕೈಯಿಂದ ಕೊಡುತ್ತಿದ್ದಳು. ಪಾಯಿಖಾನೆಯ ಮಾತೇ ಇರಲಿಲ್ಲ. ಅದಕ್ಕೇ ಅವ್ವ ಬೆಳಿಗ್ಗೆ ಕಾಫಿ ಕುಡಿದರೆ ಮತ್ತೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ.

ಅಂಗನವಾಡಿಯ ಸಹಾಯಕಿ ಪುಟ್ಟಮ್ಮಜ್ಜಿ. ಬೋರ್‌ವೆಲ್ಲಿನಿಂದ ನೀರು ಹೊರುವುದು, ಇಲಿ ಹಿಕ್ಕೆ ಗುಡಿಸುವುದು, ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತರುವುದು, ಅಡುಗೆ ಮಾಡಿ ಉಣಿಸುವುದು ಎಲ್ಲ ಅವಳದೇ. ಅವಳು ಹೆಸರುಕಾಳಿನ ಉಸಲಿಗೆ ಒಗ್ಗರಣೆ ಕೊಟ್ಟರೆ ಬೀದಿಯಲ್ಲಿ ಹೋಗುವ ದೊಡ್ಡವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಪುಷ್ಟಿ ಹಿಟ್ಟಿಗೆ ಬೆಲ್ಲ ಬೆರೆಸಿ ಕಟ್ಟುತ್ತಿದ್ದ ಉಂಡೆಯ ರುಚಿ ಈಗಲೂ ನನ್ನ ನಾಲಿಗೆಯಲ್ಲಿದೆ. ಕೇರಿಯಿಂದ ಬರುವ ಇವಳ ಕೈಯಡುಗೆ ಬೇಡವೆಂದು ಮೊದಲಿಗೆ ಮಕ್ಕಳನ್ನು ರಟ್ಟೆ ಹಿಡಿದು ವಾಪಸು ಎಳೆದುಕೊಂಡು ಹೋದವರೂ ಇದ್ದರಂತೆ. ಆಮೇಲೆ ಅವರ ಮೊಮ್ಮಕ್ಕಳಿಗೂ ಉಣಿಸಿದವಳು ಪುಟ್ಟಮ್ಮಜ್ಜಿಯೇ. ಇದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಆಡಿದ್ದು ನಾನು ಕೇಳಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಗೆ ಅರವತ್ತು ತುಂಬುವುದರಲ್ಲಿತ್ತು. ತುಂಬಿದ ದಿನವೇ ಕೆಲಸ ಬಿಡಬೇಕು. ಬಿಟ್ಟರೆ ಅವಳಿಗೇನು ಬರುತ್ತದೆ ಎಂದು ಅವ್ವ ಸೂಪರ್‌ವೈಸರನ್ನು ಕೇಳಿದಳು. ಏನೂ ಬರುವುದಿಲ್ಲ ಎಂದು ಉತ್ತರ ಬಂತು. ಅಜ್ಜಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ತಮ್ಮನ ಮನೆಯ ಹಿತ್ತಿಲಲ್ಲಿ, ಸೌದೆ ಒಟ್ಟುವ ಚಪ್ಪರದ ಅರ್ಧದಲ್ಲಿ ಅವಳ ಸಂಸಾರ. ಬಾಗಿಲಿರಬೇಕಾದ ಕಡೆ ಗೋಣಿಚೀಲದ ಪರದೆ.

"ನಂಗೇನೂ ಆಸೆ ಇಲ್ಲ ಕಣ್ ಟೀಚರವ್ವ," ಎಂದಿದ್ದಳು ಅಜ್ಜಿ, ಅಕ್ಕಿ ಆರಿಸುತ್ತಾ. "ಒಂದು ಬಾಗ್ಲು ಇರ್ಬೇಕು. ಒಳ್ಗಿಂದ ಚಿಲ್ಕ ಆಕ್ಕಂಡು ಮನೀಕೊಳಂಗೆ. ಅಷ್ಟೇಯಾ."

ಅದೇ ದಿನಗಳಲ್ಲಿ ಅಂಗನವಾಡಿ ನೌಕರರ ಸಂಘದವರು ಹಾಸನದಲ್ಲಿ ಧರಣಿ ಕರೆದರು. ಕಷ್ಟಕ್ಕೆ ತಕ್ಕ ಸಂಬಳ ಬೇಕು, ಕೆಲಸ ಬಿಡುವಾಗ ಒಂದು ಇಡಿಗಂಟು ಬೇಕು, ಕೇಂದ್ರಗಳಿಗೆ ಕಟ್ಟಡ ಬೇಕು ಎಂದು. ಕರೆ ಬಂದ ಎರಡು ದಿನಕ್ಕೆ ಅವ್ವನಿಗೆ ನೋಟೀಸೂ ಬಂತು. ಕೇಂದ್ರ ಮುಚ್ಚಿ ಧರಣಿಗೆ ಹೋದರೆ ಕೆಲಸದಿಂದ ತೆಗೆಯಲಾಗುವುದು ಎಂಬ ಒಕ್ಕಣೆ. ಅಪ್ಪ ಅದನ್ನು ಎರಡು ಸಲ ಓದಿದ.

"ಸುಮ್ಕಿರು. ಇರೋ ಕೆಲ್ಸಾನೂ ಕಳ್ಕೊಂಡ್ರೆ ಏನ್ ಮಾಡೀಯೆ?"

"ನಾನ್ ಓಗ್ದಿದ್ರೆ ಪುಟ್ಟಮ್ಮಕ್ಕ ಒಬ್ಳೇ ಓಯ್ತಾಳೆ," ಎಂದು ಅವ್ವ ನೋಟೀಸನ್ನು ನಾಲ್ಕು ಮಡಿಕೆ ಮಾಡಿ ಸಾಸಿವೆ ಡಬ್ಬಿಯ ಕೆಳಗಿಟ್ಟಳು. ನಮ್ಮವ್ವ ಗಟ್ಟಿಯಾಗಿ ಮಾತಾಡುವವಳೇ ಅಲ್ಲ. ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ನನ್ನ ಅಕ್ಷರ ದುಂಡಗಿತ್ತು. ದುಂಡಕ್ಷರದ ಸ್ಪರ್ಧೆಯಲ್ಲಿ ಸ್ಟೀಲ್ ಲೋಟ ಗೆದ್ದವಳೆಂಬ ಜಂಬ ಬೇರೆ. ಫಲಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಟ್ಟಿನ ಪೆಟ್ಟಿಗೆ ಕತ್ತರಿಸಿ, ಕಿಟಕಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದು ಕೂತೆ. ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಹೇಳಿದಳು, ನಾನು ಕೇಳಿದ್ದನ್ನು ಕೇಳಿದ ಹಾಗೇ ಬರೆದೆ: "ಗೌರವದನ ಬೇಡ, ಸಂಬಳ ಕೊಡಿ." ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣಗಳಿಗೆ ಎಂದೂ ಮಣೆ ಹಾಕಿದವರಿಲ್ಲ. ಧನಕ್ಕೂ ದನಕ್ಕೂ ನಮ್ಮ ಬಾಯಲ್ಲಿ ಭೇದವಿಲ್ಲ. ಅವ್ವ ಹಿಟ್ಟಿನ ಕೈಯಲ್ಲಿ ದೂರದಿಂದಲೇ ನೋಡಿ "ಚೆಂದಾಗದೆ" ಎಂದಳು. ಬಣ್ಣ ಒಣಗಿದ ಮೇಲೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಟ್ಟೆವು. ನನ್ನನ್ನು ಕರೆದೊಯ್ಯುವ ಯೋಚನೆ ಅವ್ವನಿಗಿರಲಿಲ್ಲ. ಫಲಕ ಬರೆದವಳು ನಾನು, ನಾನೂ ಬರುತ್ತೇನೆ ಎಂದು ರಚ್ಚೆ ಹಿಡಿದೆ.

ಬೆಳಗಿನ ಮೊದಲ ಬಸ್ಸು. ಜಡಿಮಳೆ. ಅರಕಲಗೂಡಿನಲ್ಲಿ ಬಸ್ಸು ನಿಂತಾಗ ಒಂದೇ ಬಣ್ಣದ ಸೀರೆ ಉಟ್ಟ ಹೆಂಗಸರು ಗುಂಪಾಗಿ ಹತ್ತಿದರು. ಇಲಾಖೆ ಕೊಟ್ಟಿದ್ದ ನೀಲಿ ಸೀರೆ, ನಮ್ಮವ್ವನದೂ ಅದೇ. ಬಸ್ಸಿನ ತುಂಬ ಒದ್ದೆ ಸೀರೆಯ, ಮಲ್ಲಿಗೆಯ, ಚಿತ್ರಾನ್ನದ ವಾಸನೆ. ಕಂಡಕ್ಟರು "ಇವತ್ತೇನು ಬೀಗರೂಟನಾ ಅಕ್ಕಯ್ಯ?" ಎಂದು ಕೇಳಿದ. "ಊ ಕಣಪ್ಪ, ಸರ್ಕಾರ ನಮ್ ಬೀಗ್ರು. ಕರೀದಿದ್ರೂ ಓಯ್ತಾ ಇದ್ದೀವಿ," ಎಂದಳು ಒಬ್ಬಳು. ಬಸ್ಸಿಗೆ ಬಸ್ಸೇ ನಕ್ಕಿತು.

ಹಾಸನದಲ್ಲಿ ಇಳಿದು, ಜಿಲ್ಲಾ ಕಚೇರಿಯ ಮುಂದಿನ ರಸ್ತೆಯ ತಿರುವಿನಲ್ಲಿ ನಿಂತಾಗ ನಾನು ಕಂಡದ್ದನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ. ರಸ್ತೆ ಕಾಣುತ್ತಿರಲಿಲ್ಲ. ಕಣ್ಣು ಹೋದಷ್ಟು ದೂರ ಅದೇ ನೀಲಿ ಸೀರೆ. ಆ ಬೆಳಗಿನವರೆಗೆ ಆ ಸೀರೆ ಉಡುವವಳು ಜಗತ್ತಿನಲ್ಲಿ ನಮ್ಮವ್ವ ಒಬ್ಬಳೇ ಎಂದುಕೊಂಡಿದ್ದೆ. ಅರೆಗಳಿಗೆ ಅವ್ವನ ಕೈ ಬಿಟ್ಟದ್ದೇ ತಡ, ತಪ್ಪಿಸಿಕೊಂಡೆ. ಹಿಂದಿನಿಂದ ನೋಡಿದರೆ ಎಲ್ಲರೂ ಅವ್ವನೇ. "ಅವ್ವಾ" ಎಂದು ಕೂಗಿದೆ. ಹತ್ತು ಹದಿನೈದು ಜನ ಒಟ್ಟಿಗೇ "ಏನ್ ಮಗಾ?" ಎಂದು ತಿರುಗಿದರು. ನನಗೆ ಬಂದಿದ್ದ ಅಳು ಅಲ್ಲೇ ನಿಂತುಹೋಯಿತು.

ಅವ್ವ ಸಿಗುವಷ್ಟರಲ್ಲಿ ನನ್ನ ಹೊಟ್ಟೆ ತುಂಬಿತ್ತು. ಹಿರೀಸಾವೆಯವರು ಕೊಬ್ಬರಿ ಬೆಲ್ಲ ಕೊಟ್ಟರು. ದುದ್ದದವರು ಸ್ಟೀಲಿನ ಕ್ಯಾನಿನಲ್ಲಿ ಮಜ್ಜಿಗೆ ತಂದಿದ್ದರು, ಶುಂಠಿ ಜಜ್ಜಿ ಹಾಕಿದ್ದು. ಹೊಳೆನರಸೀಪುರದವರು ರಸ್ತೆ ಪಕ್ಕದಲ್ಲೇ ಮೂರು ಕಲ್ಲು ಹೂಡಿ ಹಂಡೆಯಲ್ಲಿ ಹುಳ್ಳಿಕಾಳಿನ ಸಾರು ಇಟ್ಟಿದ್ದರು. ಮಳೆ ಬಿಟ್ಟಾಗ ನಾವು ಮಕ್ಕಳು ಟಾರು ರಸ್ತೆಯ ಮೇಲೆ ಇಟ್ಟಿಗೆ ಚೂರಿನಲ್ಲಿ ಗೆರೆ ಎಳೆದು ಕುಂಟಾಬಿಲ್ಲೆ ಆಡಿದೆವು. ಪೊಲೀಸಿನವನೊಬ್ಬ ನಮ್ಮ ಗೆರೆ ತುಳಿಯದೆ ಸುತ್ತಿ ಬಳಸಿ ಹೋದ. ಅವನೂ ಯಾವುದೋ ಅಂಗನವಾಡಿಯಲ್ಲಿ ಉಂಡವನೇ ಇರಬೇಕು ಎಂದಳು ಪುಟ್ಟಮ್ಮಜ್ಜಿ.

ಮಧ್ಯಾಹ್ನ ಅಧಿಕಾರಿಯೊಬ್ಬರು ಹೊರಗೆ ಬಂದರು. ಸಂಘದ ಮುಂದಾಳು, ಹೊಳೆನರಸೀಪುರದ ಲಲಿತಕ್ಕ, ಮನವಿಯನ್ನು ಓದಿದಳು. ಸಾಹೇಬರು ನಿಂತೇ ಕೇಳಿದರು. ಆಮೇಲೆ ಮೈಕು ತೆಗೆದುಕೊಂಡು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದರು:

"ನೋಡಿ, ನೀವು ನೌಕರರಲ್ಲ, ಕಾರ್ಯಕರ್ತೆಯರು. ನಿಮಗೆ ಕೊಡೋದು ಸಂಬಳ ಅಲ್ಲ, ಗೌರವಧನ. ನೌಕರಿಯೇ ಇಲ್ಲ ಅಂದಮೇಲೆ ನಿವೃತ್ತಿ ಎಲ್ಲಿಂದ ಬಂತು, ಇಡಿಗಂಟು ಎಲ್ಲಿಂದ ಬಂತು?"

ಅಷ್ಟರಲ್ಲಿ ಅವರ ಕಣ್ಣು ಮುಂದಿನ ಸಾಲಿನಲ್ಲಿ ಪುಟ್ಟಮ್ಮಜ್ಜಿ ಹಿಡಿದಿದ್ದ ಫಲಕದ ಮೇಲೆ ಬಿತ್ತು. ನಕ್ಕರು. ಮೈಕಿನಲ್ಲೇ ನಕ್ಕರು.

"ಗೌರವ... ದನ! ಏನಮ್ಮಾ ಇದು? ಮಕ್ಕಳಿಗೆ ಅಕ್ಷರ ಕಲಿಸೋರು ನೀವೇ ತಾನೆ? ಧನಕ್ಕೂ ದನಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಸಂಬಳ ಕೇಳ್ತೀರಾ?"

ಅವರ ಹಿಂದೆ ನಿಂತಿದ್ದವರೂ ನಕ್ಕರು. ನನ್ನ ಕಿವಿ ಸುಟ್ಟುಹೋಗುತ್ತಿತ್ತು. ಸ್ಟೀಲ್ ಲೋಟದ ಜಂಬವೆಲ್ಲ ಇಳಿದು, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನಿಂದಾಗಿ ಅಜ್ಜಿಯ ಬಾಗಿಲು ಹೋಯಿತು ಎಂದೇ ಅಂದುಕೊಂಡೆ. ಅವ್ವ ಎದ್ದು "ಮಗು ಬರೆದದ್ದು ಸರ್, ತಪ್ಪಾಯ್ತು" ಎನ್ನಲು ಹೋದಳು. ಓದಲು ಬಾರದ ಅಜ್ಜಿ ಅವಳ ಸೆರಗು ಜಗ್ಗಿದಳು.

"ಏನಂತೆ?"

"ಗೌರವದನ ಅಂತ ಬರ್ದಿದ್ದೀವಂತೆ ಅಕ್ಕ. ದನ ಅಂತ. ಅಸ, ಎತ್ತು."

ಅಜ್ಜಿ ಒಂದು ಗಳಿಗೆ ಫಲಕವನ್ನು ನೋಡಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದಳು. ಯಾರೂ ಅವಳಿಗೆ ಮೈಕು ಕೊಡಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

"ಮಗೀ ತಪ್ಪು ಬರ್ದಿಲ್ಲ ಕಣ್ ಸಾ, ಸರ್ಯಾಗೇ ಬರ್ದದೆ. ಸಂಕ್ರಾಂತಿ ದಿವ್ಸ ದನದ ಮೈ ತೊಳ್ದು, ಕೊಂಬಿಗೆ ಬಣ್ಣ ಬಳ್ದು, ಕೊಳ್ಗೆ ಊವ ಆಕಿ, ಕಿಚ್ಚಾಯ್ಸಿ ಕೈ ಮುಗೀತೀವಿ. ಅವತ್ತೊಂದಿನ ಅದು ದ್ಯಾವ್ರು. ಮಾರ್ನೆ ದಿನ ಎಗಲ ಮ್ಯಾಲೆ ನೊಗ. ನಮ್ದೂ ಅಂಗೇ ಅಲ್ವಾ ಸಾ? ಮೊನ್ನೆ ಆಗಸ್ಟ್ ಹದ್ನೈದಕ್ಕೆ ತಾಯಂದ್ರು ಅಂತ ಕರ್ದು ಆರ ಆಕುದ್ರಿ. ಮಾರ್ನೆ ದಿನ ಪೋಲಿಯೋ ಅಂದ್ರಿ, ಮನೆ ಎಣ್ಸಿ ಅಂದ್ರಿ, ವೋಟಿನ ಪಟ್ಟಿ ಅಂದ್ರಿ. ನಾವು ಇಲ್ಲ ಅನ್ನಲಿಲ್ಲ. ಈಗ ಮುದ್ಯಾದೆ. ಕಣ್ಣಿ ಬಿಚ್ಬುಟ್ಟು ಓಗು ಅಂತೀರಿ. ದನಕ್ಕಾದ್ರೆ ಕೊಟ್ಗೇಲಿ ಒಂದು ಮೂಲೆ ಇರ್ತದೆ. ನಂಗೆಲ್ಲದೆ ಸಾ, ನೀವೇ ಯೋಳಿ?"

ಸೌಟು ಪೊರಕೆಗಳನ್ನು ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿದು ಗೊತ್ತಿಲ್ಲದ ಆ ಮುದುಕಿ, ಕಚೇರಿಯ ಮೆಟ್ಟಿಲಿನ ಮೇಲಿದ್ದವರನ್ನೆಲ್ಲ ಒಂದು ಪ್ರಶ್ನೆಯ ಮುಂದೆ ಕಟ್ಟಿಹಾಕಿದ್ದಳು. ಹಿರೀಸಾವೆಯವರ ಗುಂಪಿನಿಂದ ಒಂದು ದನಿ ಎದ್ದಿತು: "ಗೌರವದ ದನ ನಾವೇ!" ಮತ್ತೊಂದು ಕಡೆಯಿಂದ ಇನ್ನೊಂದು. ಆಮೇಲೆ ಇಡೀ ರಸ್ತೆ. ಆ ಕೂಗು ಕಾಲಿನಿಂದ ಹತ್ತಿ ಎದೆಗೆ ಬಂದದ್ದು ನನಗೆ ನೆನಪಿದೆ. ಪಕ್ಕದಲ್ಲಿ ನೋಡಿದರೆ ನಮ್ಮವ್ವ, ಗಟ್ಟಿಯಾಗಿ ಮಾತಾಡದ ನಮ್ಮವ್ವ, ಕತ್ತಿನ ನರ ಉಬ್ಬುವ ಹಾಗೆ ಕೂಗುತ್ತಿದ್ದಳು. ನನಗೆ ಅವಳನ್ನು ಕಂಡು ಭಯವಾಯಿತು, ಆನಂದವೂ ಆಯಿತು. ದೇವರನ್ನು ಕಂಡೆ ಎನ್ನುವವರಿಗೆ ಹೀಗೇ ಆಗುತ್ತದೇನೋ.

ಸಾಹೇಬರ ನಗು ನಿಂತಿತ್ತು. ಅವರು ಮೈಕು ಕೆಳಗಿಟ್ಟು ಮೆಟ್ಟಿಲಿಳಿದು ಬಂದರು. "ಎಷ್ಟು ವರ್ಷ ಆಯ್ತಜ್ಜಿ ಕೆಲಸಕ್ಕೆ ಸೇರಿ?" ಎಂದು ಮೆತ್ತಗೆ ಕೇಳಿದರು.

"ನಿಮ್ ವಯ್ಸಿನಷ್ಟು ವರ್ಸ ಆಗಿರ್ಬೈದು ಕಣಪ್ಪ," ಎಂದಳು ಅಜ್ಜಿ.

ಅವರು ಮನವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೇಲಕ್ಕೆ ಬರೆಯುತ್ತೇನೆ, ನೋಟೀಸುಗಳನ್ನು ವಾಪಸು ಪಡೆಯಲು ಹೇಳುತ್ತೇನೆ ಎಂದರು. ನೋಟೀಸಿನ ಮಾತು ಉಳಿಸಿಕೊಂಡರು. ಅವ್ವನ ಕೆಲಸ ಉಳಿಯಿತು.

ಇಡಿಗಂಟಿನ ಆದೇಶವೂ ಬಂತು, ಎಷ್ಟೋ ಧರಣಿಗಳ ನಂತರ. ಆದೇಶದ ದಿನದಿಂದ ಮುಂದೆ ಕೆಲಸ ಬಿಡುವವರಿಗೆ ಮಾತ್ರ ಅನ್ವಯ ಎಂದು ಅದರಲ್ಲಿತ್ತು. ಪುಟ್ಟಮ್ಮಜ್ಜಿ ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು. ಅವ್ವ ಅದನ್ನು ಓದಿ ಹೇಳುವಾಗ ಅತ್ತಳು. ಅಜ್ಜಿ ಅಳಲಿಲ್ಲ. "ನಿಂಗೆ ಬತ್ತದಲ್ಲವ್ವ, ಬುಡು," ಎಂದಳು. ಆಮೇಲೂ ದಿನಾ ಬೆಳಿಗ್ಗೆ ಅಂಗನವಾಡಿಗೆ ಬಂದು, ಯಾರೂ ಕೇಳದೆ, ಮಕ್ಕಳ ಮೂಗು ಒರೆಸಿ ಹೋಗುತ್ತಿದ್ದಳು. ನಾನು ಪಿಯುಸಿ ಓದುವಾಗ ತೀರಿಕೊಂಡಳು, ಅದೇ ಚಪ್ಪರದಲ್ಲಿ, ಗೋಣಿಚೀಲದ ಪರದೆಯ ಒಳಗೆ.

ಹೋದ ವರ್ಷ ಅವ್ವ ನಿವೃತ್ತಳಾದಳು. ಇಡಿಗಂಟು ಬ್ಯಾಂಕಿಗೆ ಬಂದ ಸುದ್ದಿ ಫೋನಿನಲ್ಲಿ ಟಣ್ ಎಂದಿತು. ನಾನು ಓದಿ ಹೇಳಿದೆ. "ಇದು ಪುಟ್ಟಮ್ಮಕ್ಕಂದು ಕಣೆ" ಎಂದಳು ಅವ್ವ. ಈಗಿನ ಟೀಚರುಗಳಿಗೆ ಕಟ್ಟಡವಿದೆ, ಪಾಯಿಖಾನೆಯಿದೆ. ಇವೆಲ್ಲ ಯಾರ ಗಂಟಲಿನಿಂದ ಬಂದವು ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ.

ಅವರನ್ನು ದೂರಲು ನಾನ್ಯಾರು? ನಾನೀಗ ಹಾಸನದಲ್ಲೇ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂದು ಮಹಾಪ್ರಾಣವೂ ತಪ್ಪದಂತೆ ಬರೆಯುತ್ತೇನೆ. ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಏಳು ವರ್ಷದಿಂದ ಅತಿಥಿ. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ, ಹೆರಿಗೆಗೆ ಹೋದಾಗಲೂ ಇರಲಿಲ್ಲ. ನಾವು ಅತಿಥಿಗಳು ಒಂಬತ್ತು ಜನ ಒಂದೇ ಕೋಣೆಯಲ್ಲಿ ಕೂರುತ್ತೇವೆ, ಒಬ್ಬೊಬ್ಬರೇ ಡಬ್ಬಿ ಬಿಚ್ಚಿ ಉಣ್ಣುತ್ತೇವೆ. ಮೊನ್ನೆ ಧೈರ್ಯ ಮಾಡಿ ಪ್ರಾಂಶುಪಾಲರ ಹತ್ತಿರ ರಜೆಯ ತಿಂಗಳ ಸಂಬಳದ ಮಾತೆತ್ತಿದೆ. ನನ್ನ ಜೊತೆ ಬರುತ್ತೇನೆಂದಿದ್ದ ಇಬ್ಬರು ಬಾಗಿಲವರೆಗೆ ಬಂದು ನಿಂತುಬಿಟ್ಟರು.

"ನೀವು ಅತಿಥಿಗಳಲ್ವಾ ಮೇಡಂ," ಎಂದರು ಪ್ರಾಂಶುಪಾಲರು, ಬಹಳ ಗೌರವದಿಂದ.

ನಾನು "ಸರಿ ಸರ್" ಎಂದು ಹೊರಗೆ ಬಂದೆ.