ನಾಲ್ಕು ಬಿಟ್ಟು ಐದನೇ ಸಾಲು

ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ ಟ್ರ್ಯಾಕ್ಟರಿಗೆ ಅತಿ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ ಬರೆದಿದ್ದೆ. ಅದು ಸಮಯ ಉಳಿಸಿದರೆ ಮಾತ್ರ ನನ್ನ ಪಿಎಚ್‌ಡಿ ಪ್ರಬಂಧ ಮುಂದಕ್ಕೆ ಹೋಗುತ್ತಿತ್ತು. ಆದರೆ ತೊಳೆಯುವವರ ಮೇಸ್ತ್ರಿ ನರಸಮ್ಮ ಒಂದು ಸಾಲು ತೊಳೆಸಿ, ನಾಲ್ಕು ಬಿಟ್ಟು ಐದನೆಯದಕ್ಕೆ ಹೋಗುತ್ತಿದ್ದರು. ದಾರಿ ದುಪ್ಪಟ್ಟಾದರೂ ಕೆಲಸ ನನ್ನ ಲೆಕ್ಕಕ್ಕಿಂತ ಬೇಗ ಮುಗಿಯುತ್ತಿತ್ತು. ಮೂರು ದಿನ ಆಫೀಸಿನಲ್ಲಿ ಕೂತು ಕೋಡ್ ನೋಡಿದೆ, ತಪ್ಪು ಸಿಗಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ.

"ತೊಳೆದ ಕಡೆ ನೀರು ಸುರೀತದಲ್ಲ, ಇಲ್ಲಿ ಮೇಯೋ ಕುರಿಗಳು ಅಲ್ಲಿಗೇ ನುಗ್ತವೆ ಕಣಪ್ಪ. ಪಕ್ಕದ ಸಾಲಿಗೆ ಟ್ರ್ಯಾಕ್ಟರ್ ಹೆಂಗ್ ಹೋಗ್ತದೆ? ನಿನ್ ಕಂಪ್ಯೂಟರ್ ಬಂದು ಕುರಿ ಓಡಿಸ್ತದಾ?"

ಪ್ರೋಗ್ರಾಮಿಗೆ ಕುರಿಗಳನ್ನೂ ಸೇರಿಸಿದೆ. ಮರುದಿನ ಅದು ಐದನೇ ಸಾಲನ್ನೇ ತೋರಿಸಿತು. ನರಸಮ್ಮ ಪಕ್ಕದ ಸಾಲಿಗೆ ಹೋದರು.

"ಇವತ್ತು ಕುರಿ ಬಂದಿಲ್ಲ, ಕಾಣಕಿಲ್ವಾ?"

ಪ್ರಬಂಧದಲ್ಲಿ ಈಗ ಹೊಸ ಷರತ್ತೊಂದಿದೆ: ಮೊದಲು ನರಸಮ್ಮನವರನ್ನು ಕೇಳಬೇಕು. ಅದರ ಸೂತ್ರ ಏನೆಂದು ಗೈಡ್ ಕೇಳಿದ್ದಾರೆ.